ಕಲಬುರಗಿಯಿಂದ ಸ್ಟ್ರಾಸ್‌ಬರ್ಗ್‌ಗೆ: ಹತ್ತು ದಿನ ಉಳಿದಿದ್ದ ಒಂದು ಅರ್ಜಿ

ಕಡತ ಬಂದಿದ್ದು ತೊಗರಿ ಬೇಳೆಯ ಕೈಚೀಲದಲ್ಲಿ. 2024ರ ಮೇ 2, ಗುರುವಾರ. ಹೈಕೋರ್ಟಿಗೆ ಬೇಸಿಗೆ ರಜೆ. ಹೊರಗೆ ಕಲಬುರಗಿಯ ಬಿಸಿಲು, ಒಳಗೆ ಕೂಲರ್ ಸದ್ದು. ತಂದವರು ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅಡತ್ ಅಂಗಡಿ ಇಟ್ಟಿರುವ ಸಾಹುಕಾರರು, ನನ್ನ ಹಳೆಯ ಕಕ್ಷಿದಾರರು. ಹಿಂದೊಮ್ಮೆ ಅವರ ಚೆಕ್ ಬೌನ್ಸ್ ಕೇಸು ನಡೆಸಿದ್ದೆ. ಈ ಸಲ ಚೀಲದಿಂದ ಹೊರಬಂದ ಕಾಗದಗಳಲ್ಲಿ ಅರ್ಧ ನನಗೆ ಓದಲು ಬಾರದ ಭಾಷೆಯಲ್ಲಿದ್ದವು.

"ಮಗನ ಕೇಸ್ ರೀ ವಕೀಲ್ರ. ಯುರೋಪಿನ ಮಾನವ ಹಕ್ಕಿನ ಕೋರ್ಟಿಗೆ ಹಾಕಬೇಕಾಗೇದ. ಟೈಮ್ ಇನ್ನೂ ಭಾಳ ಅದ ಅಂತಾರ."

ಉಳಿದಿದ್ದು ಹತ್ತು ದಿನ. ಅದನ್ನು ಲೆಕ್ಕ ಹಾಕಿ ಖಚಿತ ಮಾಡಿಕೊಳ್ಳಲು ನನಗೆ ಇಡೀ ಒಂದು ಸಂಜೆ ಬೇಕಾಯಿತು.

ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹುಡುಗನ ಹೆಸರು, ಆ ದೇಶ, ಅಲ್ಲಿನ ಠಾಣೆ ಯಾವುದೂ ಇಲ್ಲಿ ಬರುವುದಿಲ್ಲ.

ನಡೆದದ್ದು

ಹುಡುಗ ಇಲ್ಲೇ ಎಂಜಿನಿಯರಿಂಗ್ ಮುಗಿಸಿ, ಮುಂದೆ ಓದಲು ಯುರೋಪಿನ ಒಂದು ದೇಶಕ್ಕೆ ಹೋಗಿದ್ದ. 2022ರ ನವೆಂಬರ್‌ನ ಒಂದು ರಾತ್ರಿ ಪಾರ್ಟ್ ಟೈಮ್ ಕೆಲಸ ಮುಗಿಸಿ ರೈಲಿಗೆ ಕಾಯುತ್ತಿದ್ದ. ಪ್ಲಾಟ್‌ಫಾರಂ ಮೇಲೆ ಮೂವತ್ತು ನಲವತ್ತು ಜನ. ಇಬ್ಬರು ಪೊಲೀಸರು ಎಲ್ಲರನ್ನೂ ದಾಟಿಕೊಂಡು ನೇರ ಇವನ ಹತ್ತಿರ ಬಂದು ಪಾಸ್‌ಪೋರ್ಟ್ ಕೇಳಿದರು. "ನನ್ನೊಬ್ಬನನ್ನೇ ಯಾಕೆ ಕೇಳುತ್ತೀರಿ?" ಅಂದ, ತೋರಿಸಲಿಲ್ಲ. ಎರಡನೇ ಸಲ ಗದರಿಸಿದಾಗ ಬ್ಯಾಗಿಗೆ ಕೈ ಹಾಕಿದ. ಅಷ್ಟರಲ್ಲಿ ಕೈ ತಿರುಚಿ ಗೋಡೆಗೆ ಒತ್ತಿದರು. ಮಣಿಕಟ್ಟು ಊದಿತು. ಠಾಣೆಯಲ್ಲಿ 19 ತಾಸು ಕೂಡಿಸಿ, ಮರುದಿನ ಸಂಜೆ ಯಾವ ಕೇಸೂ ಇಲ್ಲ ಎಂದು ಬಿಟ್ಟರು. ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ ಡಾಕ್ಟರ ಚೀಟಿ ಮಾಡಿಸಿಕೊಂಡಿದ್ದ. ಬುದ್ಧಿವಂತ ಹುಡುಗ.

ಅಲ್ಲಿನ ವಕೀಲರು ಎರಡು ದಾರಿ ಹಿಡಿದರು. 19 ತಾಸು ಕೂಡಿಹಾಕಿದ್ದು ಕಾನೂನುಬಾಹಿರ ಎಂದು ಒಂದು ಅರ್ಜಿ. ಅದು 2023ರ ಮಾರ್ಚ್‌ನಲ್ಲಿ ಕೆಳ ಕೋರ್ಟಿನಲ್ಲಿ ವಜಾ ಆಯಿತು. ಮೇಲ್ಮನವಿಗೆ ಅವಕಾಶ ಇತ್ತು, ಹಾಕಲಿಲ್ಲ. ಇನ್ನೊಂದು, ಕೈ ತಿರುಚಿದ ಪೊಲೀಸರ ಮೇಲಿನ ದೂರು. ಸರ್ಕಾರಿ ವಕೀಲರು ತನಿಖೆ ಕೈಬಿಟ್ಟರು. ಇವರು ಅದನ್ನು ಪ್ರಶ್ನಿಸಿ ಕೊನೆಯ ಕೋರ್ಟಿನವರೆಗೂ ಹೋದರು. ಡಿಸೆಂಬರ್ ಕೊನೆಗೆ ಅಲ್ಲೂ ವಜಾ. ಈ ಎರಡು ದಾರಿಗಳ ವ್ಯತ್ಯಾಸವೇ ಮುಂದೆ ಇಡೀ ಪ್ರಕರಣದ ಹಣೆಬರಹ ಬರೆಯಿತು.

ಅಷ್ಟರಲ್ಲಿ ವೀಸಾ ಮುಗಿದು ಹುಡುಗ ವಾಪಸ್ ಬಂದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ಮನೆಯವರು ಸುಮ್ಮನಾಗಿದ್ದರು. 2024ರ ಫೆಬ್ರವರಿ 20ರಂದು ಒಂದು ಸುದ್ದಿ ಬಂತು. ಜ್ಯೂರಿಕ್ ರೈಲ್ವೆ ಸ್ಟೇಷನ್ನಿನಲ್ಲಿ 2015ರಲ್ಲಿ ಪೊಲೀಸರು ತಡೆದು ತಪಾಸಣೆ ಮಾಡಿದ್ದ ವಾ ಬೈಲೆ ಎಂಬ ಕಪ್ಪು ವರ್ಣದ ಸ್ವಿಸ್ ಪ್ರಜೆಯ ಕೇಸಿನಲ್ಲಿ, ಸ್ವಿಟ್ಜರ್ಲೆಂಡ್ ತಾರತಮ್ಯ ಮಾಡಿದೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತ್ತು. 2022ರಲ್ಲಿ ಜರ್ಮನಿಯ ವಿರುದ್ಧವೂ ಇಂಥದೇ ಒಂದು ತೀರ್ಪು ಬಂದಿತ್ತು. ಅರ್ಜಿದಾರ ಬಸು ಭಾರತ ಮೂಲದ ಜರ್ಮನ್ ಪ್ರಜೆ. ರೈಲಿನಲ್ಲಿ ನಡೆದ ತಪಾಸಣೆ ಬಣ್ಣ ನೋಡಿ ಮಾಡಿದ್ದೇ ಎಂಬುದನ್ನು ಅಧಿಕಾರಿಗಳು ಸರಿಯಾಗಿ ತನಿಖೆಯೇ ಮಾಡಲಿಲ್ಲ ಎಂದು ಕೋರ್ಟು ಹೇಳಿತ್ತು. ಇದನ್ನೆಲ್ಲ ಮೊಬೈಲಿನಲ್ಲಿ ಓದಿದ ಸಾಹುಕಾರರ ಅಣ್ಣನ ಮಗನೊಬ್ಬ ಮನೆಯಲ್ಲಿ ಆಸೆ ಎಬ್ಬಿಸಿದ.

ಯಾರ ಕೋರ್ಟು ಇದು

ಸಾಹುಕಾರರಿಗೆ ಮೊದಲ ಅನುಮಾನ ಇದ್ದಿದ್ದು ಇಲ್ಲೇ. "ನಾವು ಅಲ್ಲಿಯ ಮಂದಿ ಅಲ್ಲಲ್ರೀ, ನಮ್ಮ ಅರ್ಜಿ ತಗೋತಾರೇನು?"

ತಗೊಳ್ಳುತ್ತಾರೆ. ಈ ಕೋರ್ಟು ಇರುವುದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ, 1959ರಿಂದ. ಯುರೋಪಿಯನ್ ಯೂನಿಯನ್ನಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಕೌನ್ಸಿಲ್ ಆಫ್ ಯುರೋಪ್ ಎಂಬ ಬೇರೆ ಕೂಟದ್ದು, ಅದರಲ್ಲಿ ಈಗ 46 ದೇಶಗಳಿವೆ. ಅವು ಒಪ್ಪಿಕೊಂಡಿರುವ ಮಾನವ ಹಕ್ಕುಗಳ ಒಪ್ಪಂದದ 34ನೇ ವಿಧಿ ಕೇಳುವುದು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂದಲ್ಲ. ಆ ದೇಶದ ಅಧಿಕಾರದ ಕೆಳಗೆ ಇದ್ದಾಗ ನಿಮಗೆ ಅನ್ಯಾಯ ಆಯಿತೇ ಎಂದು. ಫೀಸೂ ಇಲ್ಲ. ಶುರುವಿನಲ್ಲಿ ವಕೀಲರೂ ಕಡ್ಡಾಯ ಅಲ್ಲ.

ನಮ್ಮ ಕಡೆ ಇಂಥದ್ದು ಇಲ್ಲ. ಏಷ್ಯಾ ಖಂಡಕ್ಕೆ ಒಂದು ಮಾನವ ಹಕ್ಕುಗಳ ಕೋರ್ಟೇ ಇಲ್ಲ. ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನಲ್ಲೂ ಇಲ್ಲ. ಆಫ್ರಿಕಾಕ್ಕೆ ಇದೆ, ಅಮೆರಿಕ ಖಂಡಗಳಿಗೆ ಇದೆ. ನಮಗೆ ಇರುವುದು 1993ರ ಕಾಯ್ದೆಯ ರಾಷ್ಟ್ರೀಯ ಆಯೋಗ ಮತ್ತು ರಾಜ್ಯ ಆಯೋಗ. ಅಲ್ಲೂ ಬಾಗಿಲಲ್ಲೇ ತಡೆ ಇದೆ. ಘಟನೆ ನಡೆದು ಒಂದು ವರ್ಷ ಆಗಿದ್ದರೆ ಆಯೋಗ ಅದನ್ನು ವಿಚಾರಿಸುವಂತಿಲ್ಲ ಎನ್ನುತ್ತದೆ 36ನೇ ಸೆಕ್ಷನ್. ಆದರೆ ಬೇರೆ ದೇಶದ ಪೊಲೀಸರ ಮೇಲೆ ಆ ಆಯೋಗಗಳು ಏನು ಮಾಡಿಯಾವು?

ಕೇಸನ್ನು ವಿಚಾರಣೆಗೆ ತಗೊಳ್ಳಬೇಕೋ ಬೇಡವೋ ಎಂದು ನೋಡುವುದಕ್ಕೆ ನಮ್ಮ ಹೈಕೋರ್ಟಿನಲ್ಲಿ 'ಅಡ್ಮಿಶನ್' ಎನ್ನುತ್ತೇವಲ್ಲ, ಸ್ಟ್ರಾಸ್‌ಬರ್ಗ್‌ನಲ್ಲೂ ಆ ಹಂತ ಇದೆ. ಅಲ್ಲಿಗೆ ಹೋಗುವ ಅರ್ಜಿಗಳಲ್ಲಿ ಬಹುಪಾಲು ಅಲ್ಲೇ ಬಿದ್ದುಹೋಗುತ್ತವೆ. ಒಬ್ಬ ನ್ಯಾಯಾಧೀಶರು ಕಾಗದ ನೋಡಿಯೇ ತಳ್ಳಿಹಾಕಬಹುದು. ಅದರ ಮೇಲೆ ಅಪೀಲು ಇಲ್ಲ. ಅನ್ಯಾಯ ಆಗಿದೆಯೋ ಇಲ್ಲವೋ ಎಂಬ ಮಾತು ಆಮೇಲಿನದು.

ನಾಲ್ಕು ಜನ, ನಾಲ್ಕು ಲೆಕ್ಕ

ಆ ಸಂಜೆ ಬೆಂಗಳೂರಿನಿಂದ ಹುಡುಗ ಫೋನಿನಲ್ಲಿ, ಎದುರಿಗೆ ತಂದೆ ಮತ್ತು ಅಣ್ಣನ ಮಗ. ಕೊನೆಯ ದಿನ ಯಾವುದು ಎಂದು ಕೇಳಿದೆ. ಮೂರು ಉತ್ತರ ಬಂದವು.

ಅಣ್ಣನ ಮಗ ಎಲ್ಲೋ 'ಆರು ತಿಂಗಳು' ಎಂದು ಓದಿದ್ದ. ಆಗಸ್ಟ್‌ವರೆಗೆ ಇದೆ ಅಂದ. ಅವನು ಓದಿದ್ದು ಹಳೆಯ ನಿಯಮ. ಒಪ್ಪಂದಕ್ಕೆ ತಿದ್ದುಪಡಿ ತಂದ 15ನೇ ಪ್ರೋಟೊಕಾಲ್ ಬಂದ ಮೇಲೆ, 2022ರ ಫೆಬ್ರವರಿ 1ರಿಂದ ಗಡುವು ನಾಲ್ಕೇ ತಿಂಗಳು.

ಹುಡುಗನಿಗೆ ನಾಲ್ಕು ತಿಂಗಳು ಎಂಬುದು ಗೊತ್ತಿತ್ತು. ಆದರೆ ಎಣಿಸಿದ್ದು ತನಗೆ ಈಮೇಲ್ ಬಂದ ಫೆಬ್ರವರಿ 2ರಿಂದ. ಹಾಗಾಗಿ ಜೂನ್ 2 ಅಂದ.

ತಂದೆಯ ಲೆಕ್ಕವೇ ಬೇರೆ. ಫೆಬ್ರವರಿಯಲ್ಲಿ ಅವರು ಆ ದೇಶದ ಓಂಬುಡ್ಸ್‌ಮನ್‌ಗೆ, ಅಂದರೆ ಆಡಳಿತದ ಮೇಲಿನ ಜನರ ದೂರು ನೋಡುವ ಅಧಿಕಾರಿಗೆ, ಒಂದು ಪತ್ರ ಬರೆಸಿದ್ದರು. ಏಪ್ರಿಲ್‌ನಲ್ಲಿ 'ನಮ್ಮಿಂದ ಏನೂ ಮಾಡಲಾಗದು' ಎಂದು ಉತ್ತರ ಬಂದಿತ್ತು. ಕೊನೆಯ ಉತ್ತರ ಅದೇ ಅಲ್ವಾ? ಅದರಿಂದ ಎಣಿಸಬೇಕು ಎಂದು ಅವರ ವಾದ.

ಮೂರೂ ತಪ್ಪು. ಎಣಿಕೆ ಶುರುವಾಗುವುದು ನಿಜವಾಗಿ ಪರಿಹಾರ ಕೊಡಬಲ್ಲ ಕೊನೆಯ ಕೋರ್ಟಿನ ತೀರ್ಪಿನಿಂದ. ಓಂಬುಡ್ಸ್‌ಮನ್ ಸಲಹೆ ಕೊಡಬಹುದು, ತೀರ್ಪು ಕೊಡಲಾರರು. ಅವರಿಗೆ ಬರೆದ ಪತ್ರ ಗಡಿಯಾರವನ್ನು ನಿಲ್ಲಿಸುವುದಿಲ್ಲ. ತೀರ್ಪಿನ ಪ್ರತಿಯನ್ನು ತಲುಪಿಸುವ ಪದ್ಧತಿ ಇರುವ ಕಡೆ, ಪ್ರತಿ ತಲುಪಿದ ಮರುದಿನದಿಂದ ಎಣಿಸಬೇಕು. ತಲುಪುವುದು ಅಂದರೆ ವಕೀಲರಿಗೆ ತಲುಪಿದರೂ ಆಯಿತು. ಕಕ್ಷಿದಾರನಿಗೆ ಯಾವಾಗ ಗೊತ್ತಾಯಿತು ಎಂಬುದು ಲೆಕ್ಕಕ್ಕಿಲ್ಲ.

ನಾನು ಹುಡುಕಿದ್ದು ಆ ತಾರೀಖನ್ನು. ತೀರ್ಪಿನ ಮೊದಲ ಪುಟದ ಮೂಲೆಯಲ್ಲಿ ವಕೀಲರ ಆಫೀಸಿನ ಒಂದು ಮಸುಕು ಮುದ್ರೆ: ಜನವರಿ 12. ಶುಕ್ರವಾರ. ವಕೀಲರು ಅದನ್ನು ಮೂರು ವಾರ ಇಟ್ಟುಕೊಂಡು ಆಮೇಲೆ ಈಮೇಲ್ ಮಾಡಿದ್ದರು. ಜನವರಿ 13ರಿಂದ ನಾಲ್ಕು ತಿಂಗಳು ಅಂದರೆ ಮೇ 12ಕ್ಕೆ ಮುಗಿಯುತ್ತದೆ.

ಕ್ಯಾಲೆಂಡರ್ ನೋಡಿದೆ. ಮೇ 12 ಭಾನುವಾರ.

ನಮ್ಮಲ್ಲಿ ಇದು ತಲೆನೋವೇ ಅಲ್ಲ. 1963ರ ಲಿಮಿಟೇಶನ್ ಕಾಯ್ದೆಯ 4ನೇ ಸೆಕ್ಷನ್ ಇದೆ. ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ ಬಾಗಿಲು ತೆರೆದ ದಿನ ಹಾಕಬಹುದು. ಅದೂ ತಪ್ಪಿದರೆ 5ನೇ ಸೆಕ್ಷನ್. 'ತಾಯಿಗೆ ಹುಷಾರಿರಲಿಲ್ಲ' ಎಂದು ಒಂದು ಅಫಿಡವಿಟ್ ಹಾಕಿ ವಿಳಂಬ ಮನ್ನಾ ಕೇಳುವುದು. ಹೇಳಲು ನಾಚಿಕೆ, ಆದರೆ ನಮ್ಮ ವಕೀಲಿಕೆ ಅರ್ಧ ನಿಂತಿರುವುದೇ 5ನೇ ಸೆಕ್ಷನ್ ಮೇಲೆ. ಸ್ಟ್ರಾಸ್‌ಬರ್ಗ್‌ನಲ್ಲಿ ಅಂಥ ಸೆಕ್ಷನ್ ಇಲ್ಲ. ಎದುರು ಪಕ್ಷದ ಸರ್ಕಾರ 'ತಡವಾದರೆ ಪರವಾಗಿಲ್ಲ' ಅಂದರೂ ಕೋರ್ಟು ಒಪ್ಪುವುದಿಲ್ಲ. ಭಾನುವಾರದ ಪ್ರಶ್ನೆ 2012ರಲ್ಲೇ ಟರ್ಕಿಯ ಸಬ್ರಿ ಗುನೆಶ್ ಪ್ರಕರಣದಲ್ಲಿ ದೊಡ್ಡ ಪೀಠದ ಮುಂದೆ ಬಂದಿತ್ತು. ಗಡುವಿನ ಕೊನೆಯ ದಿನ ರಜೆಯಾದರೂ ಅದು ಮುಂದಕ್ಕೆ ಹೋಗುವುದಿಲ್ಲ ಎಂದು ತೀರ್ಮಾನ ಆಯಿತು.

ಇನ್ನು ಉಳಿದ ದಿನಗಳನ್ನು ನೋಡಿ. ಮೇ 7 ಮಂಗಳವಾರ ನಮ್ಮಲ್ಲಿ ಲೋಕಸಭೆ ಮತದಾನ. ಮೇ 10 ಬಸವ ಜಯಂತಿ. 11 ಎರಡನೇ ಶನಿವಾರ. ನಾನು ಮೇ 9ರ ಗುರುವಾರವನ್ನೇ ಕೊನೆಯ ದಿನ ಎಂದು ಗೋಡೆಯ ಮೇಲೆ ಬರೆದು ಅಂಟಿಸಿದೆ.

"ಫೆಬ್ರವರಿಯಾಗ ಆ ಕೋರ್ಟಿಗೆ ಒಂದು ಈಮೇಲ್ ಕಳಿಸೀವಲ್ಲ ಕಾಕಾ" ಅಂದ ಹುಡುಗ. ಅದು ಲೆಕ್ಕಕ್ಕೆ ಬರುವುದಿಲ್ಲ. 2014ರ ಜನವರಿಯಿಂದ ಅಲ್ಲಿನ 47ನೇ ನಿಯಮ ಬಿಗಿಯಾಗಿದೆ. ಕೋರ್ಟಿನ ಫಾರಂ ಪೂರ್ತಿ ತುಂಬಿ, ಸಹಿ ಹಾಕಿ, ದಾಖಲೆಗಳ ಪ್ರತಿ ಸೇರಿಸಿ ಅಂಚೆಯಲ್ಲಿ ಕಳಿಸಿದ ದಿನವೇ ಅರ್ಜಿ ಹಾಕಿದ ದಿನ. ನೋಡುವುದು ಅಂಚೆ ಮುದ್ರೆಯನ್ನು. ಒಂದು ಕಾಲಂ ಖಾಲಿ ಬಿಟ್ಟರೂ, ಒಂದು ತೀರ್ಪಿನ ಪ್ರತಿ ಮರೆತರೂ ಅರ್ಜಿ ಬಂದೇ ಇಲ್ಲ ಎಂಬಂತೆ ಇಟ್ಟುಬಿಡಬಹುದು. ಸರಿಮಾಡಿ ಮತ್ತೆ ಕಳಿಸುವಷ್ಟರಲ್ಲಿ ಗಡುವು ದಾಟಿರುತ್ತದೆ.

ಹತ್ತೊಂಬತ್ತು ತಾಸು

ತಾರೀಖು ಸಿಕ್ಕಿತು. ಆದರೆ ಪ್ರಕರಣದ ನಿಜವಾದ ಗಂಟು ಇದ್ದಿದ್ದು ಬೇರೆ ಕಡೆ.

ಅಂತರರಾಷ್ಟ್ರೀಯ ಕೋರ್ಟಿಗೆ ಬರುವ ಮೊದಲು ಆ ದೇಶದೊಳಗಿನ ದಾರಿಗಳನ್ನೆಲ್ಲ ಮುಗಿಸಿರಬೇಕು. ಇದು ಯುರೋಪಿನ ಆ ಒಪ್ಪಂದದ 35ನೇ ವಿಧಿಯ ಮೊದಲ ಮಾತು. ಆಫ್ರಿಕಾದ ಮಾನವ ಹಕ್ಕುಗಳ ಸನ್ನದಿನ 56ನೇ ವಿಧಿಯಲ್ಲೂ ಇದೆ, ಅಮೆರಿಕ ಖಂಡಗಳ ಒಪ್ಪಂದದ 46ನೇ ವಿಧಿಯಲ್ಲೂ ಇದೆ. ತಪ್ಪು ಮಾಡಿದ ಮನೆಗೇ ಅದನ್ನು ತಿದ್ದಿಕೊಳ್ಳಲು ಮೊದಲು ಅವಕಾಶ ಕೊಡಿ ಎಂಬ ಲೆಕ್ಕ. ಕುರುಡಾಗಿ ಅಲ್ಲ. ಹೆಸರಿಗೆ ಮಾತ್ರ ಇರುವ ದಾರಿ ಹಿಡಿಯಬೇಕಿಲ್ಲ, ಈ ನಿಯಮವನ್ನು ಅತಿಯಾದ ಶಿಷ್ಟಾಚಾರವಾಗಿ ನೋಡಬಾರದು ಎಂದು 1996ರ ಅಕ್ದಿವಾರ್ ತೀರ್ಪಿನಲ್ಲಿ ಕೋರ್ಟೇ ಹೇಳಿದೆ.

ಜನ ಸಾಮಾನ್ಯವಾಗಿ ಇದನ್ನು 'ಕೊನೆಯ ಕೋರ್ಟಿನವರೆಗೆ ಹೋದರೆ ಸಾಕು' ಎಂದು ತಿಳಿಯುತ್ತಾರೆ. ನಾನೂ ಮೊದಲ ದಿನ ಹಾಗೇ ತಿಳಿದಿದ್ದೆ. ಸಾಲದು. ಪ್ರತಿಯೊಂದು ದೂರೂ ತನ್ನದೇ ಮೆಟ್ಟಿಲು ಹತ್ತಿ ಬಂದಿರಬೇಕು. ಕೈ ತಿರುಚಿದ್ದು ಒಂದು ದೂರು. ಬಣ್ಣ ನೋಡಿ ತಡೆದಿದ್ದು ಒಂದು. ಕೂಡಿಹಾಕಿದ್ದು ಇನ್ನೊಂದು. ಒಂದು ಹತ್ತಿದ ಮೆಟ್ಟಿಲ ಮೇಲೆ ಇನ್ನೊಂದನ್ನು ಹೊತ್ತು ತರಲು ಬರುವುದಿಲ್ಲ.

ಕೂಡಿಹಾಕಿದ ದೂರು ಕೆಳ ಕೋರ್ಟಿನಲ್ಲೇ ನಿಂತಿತ್ತು. ಮೇಲ್ಮನವಿ ಹಾಕದ್ದರಿಂದ ಮೆಟ್ಟಿಲು ಹತ್ತಿಲ್ಲ ಎನ್ನುತ್ತಾರೆ. 'ಮೇಲ್ಮನವಿಯಿಂದ ಪ್ರಯೋಜನ ಇರಲಿಲ್ಲ' ಎಂದು ವಾದಿಸಿದರೆ, ಹಾಗಿದ್ದರೆ 2023ರ ಮಾರ್ಚ್‌ನಿಂದಲೇ ನಾಲ್ಕು ತಿಂಗಳು ಎಣಿಸಬೇಕಿತ್ತಲ್ಲ ಎನ್ನುತ್ತಾರೆ. ಈ ಕಡೆ ಬಾವಿ, ಆ ಕಡೆ ಹಳ್ಳ.

ಇದನ್ನು ಸಾಹುಕಾರರಿಗೆ ಹೇಳುವುದು ಕಷ್ಟವಾಯಿತು. ಅವರ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಆ 19 ತಾಸೇ. ಎರಡು ಹಾಳೆ ತುಂಬ ತಮ್ಮ ಕೈಯಾರೆ ಕನ್ನಡದಲ್ಲಿ ಬರೆದು ತಂದಿದ್ದರು. ಆ ರಾತ್ರಿ ಮಗನ ಫೋನ್ ಹತ್ತಲಿಲ್ಲ, ಮನೆಯಲ್ಲಿ ಯಾರೂ ಮಲಗಲಿಲ್ಲ, ಮಗನ ತಾಯಿ ಶರಣಬಸವೇಶ್ವರ ಗುಡಿಗೆ ಹೋಗಿ ಕೂತಿದ್ದಳು, ಹೀಗೆ.

"ಕೈ ನೋವಾಯ್ತು ರೀ, ಅದು ಹೋಯ್ತು. ಹತ್ತೊಂಬತ್ತು ತಾಸು ನನ್ನ ಮಗ ಕಳ್ಳನ ಹಂಗ ಕುಂತಾನ. ಅದನ್ನ ಬಿಡು ಅಂತೀರೇನು?"

ದೂರಾಗಿ ಬಿಡಬೇಕು, ಘಟನೆಯಾಗಿ ಬಿಡಬೇಕಿಲ್ಲ ಎಂದೆ. ಏನೇನು ನಡೆಯಿತು ಎಂಬ ಭಾಗದಲ್ಲಿ 19 ತಾಸು ಬರುತ್ತದೆ. ಯಾವ ಹಕ್ಕು ಮುರಿದರು ಎಂಬ ಭಾಗದಲ್ಲಿ ಬರುವುದಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಚಹಾ ತರಿಸಿದರು. ಗಂಜಿನವರು ಒಪ್ಪಿದರು ಎಂಬುದಕ್ಕೆ ಅದೇ ಗುರುತು.

ನನ್ನ ನಿರ್ಧಾರ ಸರಿಯೇ? ಮೂರನ್ನೂ ಬರೆದು ನೋಡಬಹುದಿತ್ತು. ಒಂದು ದೂರು ಬಿದ್ದರೆ ಉಳಿದವು ಬೀಳಬೇಕೆಂದಿಲ್ಲ. ಆದರೆ ಫಾರಂನಲ್ಲಿ ಜಾಗ ಕಡಿಮೆ, ಓದುವವರಿಗೆ ಸಮಯ ಇನ್ನೂ ಕಡಿಮೆ. ನಿಲ್ಲುವುದಿಲ್ಲ ಎಂದು ನನಗೇ ಗೊತ್ತಿರುವ ದೂರನ್ನು ಮೇಲಿಟ್ಟು, ನಿಲ್ಲುವ ದೂರನ್ನು ಕೆಳಗೆ ಸರಿಸಲು ಮನಸ್ಸು ಬರಲಿಲ್ಲ.

ಬಣ್ಣದ ದೂರಿನ ಬಗ್ಗೆ ನನಗೆ ಮೂರು ದಿನ ನಿದ್ದೆ ಇರಲಿಲ್ಲ. ಅಲ್ಲಿನ ವಕೀಲರು ಕೊನೆಯ ಕೋರ್ಟಿಗೆ ಹಾಕಿದ ಮನವಿಯಲ್ಲಿ 'ಜನಾಂಗ ತಾರತಮ್ಯ' ಎಂಬ ಪದವೇ ಇರಲಿಲ್ಲ. ಇಡೀ ಮನವಿ ಮಣಿಕಟ್ಟಿನ ಬಗ್ಗೆ. ಕೆಳಗಿನ ಕೋರ್ಟಿನಲ್ಲಿ ಒಪ್ಪಂದದ ವಿಧಿಯ ನಂಬರ್ ಹೇಳಬೇಕೆಂಬ ನಿಯಮ ಇಲ್ಲ. ವಿಷಯದ ಸಾರ ಹೇಳಿದ್ದರೆ ಸಾಕು. ಆದರೆ ಸಾರವಾದರೂ ಇರಬೇಕಲ್ಲ? ಹುಡುಗನಿಗೆ ಆ ಭಾಷೆ ಅಲ್ಪಸ್ವಲ್ಪ ಬರುತ್ತಿತ್ತು. ಸಾಲು ಸಾಲಾಗಿ ಓದಿ ಹೇಳು ಎಂದು ಕೂಡಿಸಿದೆ. ಏಳನೇ ಪುಟದಲ್ಲಿ ಸಿಕ್ಕಿತು: ಪ್ಲಾಟ್‌ಫಾರಂ ಮೇಲಿದ್ದ ಅಷ್ಟು ಜನರಲ್ಲಿ ಕಂದು ಬಣ್ಣದವನು ತಾನೊಬ್ಬನೇ, ತಪಾಸಣೆ ಆಗಿದ್ದೂ ತನ್ನೊಬ್ಬನದೇ, ಯಾಕೆ ಎಂದು ಅಧಿಕಾರಿಗಳು ಇಂದಿಗೂ ಹೇಳಿಲ್ಲ. ಒಂದೇ ವಾಕ್ಯ. ಅದಕ್ಕೆ ಕೊನೆಯ ಕೋರ್ಟು ಉತ್ತರವನ್ನೇ ಕೊಟ್ಟಿರಲಿಲ್ಲ. ನಾವು ಆ ಪುಟದ ಪ್ರತಿ ತೆಗೆದು, ಪುಟ ಸಂಖ್ಯೆ ಹಾಕಿ, ಫಾರಂನಲ್ಲಿ ಅದನ್ನೇ ತೋರಿಸಿದೆವು.

ಸಣ್ಣ ಬಾಗಿಲುಗಳು

ಉಳಿದ ಷರತ್ತುಗಳಲ್ಲಿ ಕೆಲವು ನಮ್ಮನ್ನು ಮುಟ್ಟಲೇ ಇಲ್ಲ. ಹೆಸರಿಲ್ಲದ ಅರ್ಜಿ ತಗೊಳ್ಳುವುದಿಲ್ಲ, ನಮ್ಮದರಲ್ಲಿ ಹೆಸರಿತ್ತು.

ಇದೇ ವಿಷಯವನ್ನು ಇನ್ನೊಂದು ಅಂತರರಾಷ್ಟ್ರೀಯ ಸಂಸ್ಥೆಗೆ ಕೊಟ್ಟಿದ್ದರೂ ಬಾಗಿಲು ಮುಚ್ಚುತ್ತದೆ. ಫ್ರಾನ್ಸಿನ ವಿರುದ್ಧ ಪೆರಾಲ್ಡಿ ಎಂಬವರ ಅರ್ಜಿ 2009ರಲ್ಲಿ ಬಿದ್ದಿದ್ದು ಹೀಗೆ. ಅಕ್ರಮ ಬಂಧನ ನೋಡುವ ವಿಶ್ವಸಂಸ್ಥೆಯ ಕಾರ್ಯತಂಡದ ಮುಂದೆ ಅದೇ ದೂರು ಹೋಗಿತ್ತು. ಕೇಳಿದ್ದು ಒಳ್ಳೆಯದಾಯಿತು. ಸಾಹುಕಾರರ ಅಣ್ಣನ ಮಗ ಅದೇ ಕಾರ್ಯತಂಡದ ಫಾರಂ ತುಂಬಿ ಇಟ್ಟುಕೊಂಡಿದ್ದ. ಪುಣ್ಯಕ್ಕೆ ಕಳಿಸಿರಲಿಲ್ಲ.

'ಗಣನೀಯ ನಷ್ಟ ಆಗಿರಬೇಕು' ಎಂಬ ಷರತ್ತು 2010ರಲ್ಲಿ ಬಂತು. ಆ ವರ್ಷವೇ ರಷ್ಯಾದ ಕೊರೊಲೆವ್ ಎಂಬವರ ಅರ್ಜಿ ಬಿತ್ತು. ಜಗಳ ಇದ್ದಿದ್ದು ಒಂದು ಯೂರೋಗಿಂತ ಕಡಿಮೆ ಹಣಕ್ಕೆ. ಅದೇ ವರ್ಷ ಜರ್ಮನಿಯ ಸರ್ಕಾರಿ ನೌಕರರೊಬ್ಬರು 7.99 ಯೂರೋ ಬೆಲೆಯ ಮೆಗ್ನೀಸಿಯಂ ಮಾತ್ರೆಗಾಗಿ ಬಂದಿದ್ದರು. ಅವರ ಅರ್ಜಿಯನ್ನು ಕೋರ್ಟಿನ ದುರ್ಬಳಕೆ ಎಂದೇ ತಳ್ಳಿದರು. ಹಾಗಾದರೆ ಊದಿದ ಮಣಿಕಟ್ಟು? ಪೊಲೀಸ್ ಠಾಣೆಯಲ್ಲಿ ಕೊಟ್ಟ ಒಂದು ಏಟು ಕೂಡ ಮನುಷ್ಯನ ಘನತೆಗೆ ಪೆಟ್ಟು ಎಂದು ಬೆಲ್ಜಿಯಂನ ಬೂಯಿದ್ ಪ್ರಕರಣದಲ್ಲಿ 2015ರಲ್ಲಿ ದೊಡ್ಡ ಪೀಠ ಹೇಳಿದೆ. ಅದು ನಮಗೆ ಧೈರ್ಯ ಕೊಟ್ಟಿತು.

ನಿಜವಾಗಿ ಜಗಳ ಆಗಿದ್ದು 'ದುರ್ಬಳಕೆ' ಎಂಬ ಪದದ ಮೇಲೆ. ಬೈಗುಳ ತುಂಬಿದ ಅರ್ಜಿಯೂ ಅದರಲ್ಲಿ ಬರುತ್ತದೆ, ಮುಖ್ಯ ಸಂಗತಿ ಮುಚ್ಚಿಟ್ಟ ಅರ್ಜಿಯೂ ಬರುತ್ತದೆ. ಮನೆಯವರು ಬರೆದು ತಂದಿದ್ದ ಕರಡಿನಲ್ಲಿ ಎರಡೂ ಇದ್ದವು. ಬೈಗುಳ ತೆಗೆಯಲು ಯಾರೂ ತಕರಾರು ಮಾಡಲಿಲ್ಲ. ಆದರೆ ಹುಡುಗ ಮೊದಲು ಪಾಸ್‌ಪೋರ್ಟ್ ತೋರಿಸಲು ಒಪ್ಪಲಿಲ್ಲ ಎಂಬ ಮಾತು ಕರಡಿನಲ್ಲಿ ಇರಲಿಲ್ಲ.

"ಅದನ್ನ ಬರೆದ್ರ ನಮ್ಮ ಕೇಸೇ ಹೋಗ್ತದಲ್ರೀ" ಅಂದ ಅಣ್ಣನ ಮಗ.

ಪೊಲೀಸರ ವರದಿಯ ಮೊದಲ ಸಾಲಿನಲ್ಲೇ ಅದಿತ್ತು. ಆ ವರದಿಯನ್ನು ನಾವೇ ಲಗತ್ತಿಸಬೇಕಿತ್ತು. ವಾ ಬೈಲೆ ಕೂಡ ಗುರುತಿನ ಚೀಟಿ ತೋರಿಸಲು ಒಪ್ಪಿರಲಿಲ್ಲ, ಅದಕ್ಕಾಗಿ ಅವರಿಗೆ ದಂಡವೂ ಬಿದ್ದಿತ್ತು. ಆದರೂ ಗೆದ್ದರು. ಹುಡುಗನೇ ಕೊನೆಗೆ "ಬರೀರಿ ಕಾಕಾ, ನಡೆದದ್ದು ಹಂಗೇ" ಅಂದ.

ಹೆಡ್ ಪೋಸ್ಟಾಫೀಸು

ಸಹಿ ಅಸಲಿ ಇರಬೇಕಿತ್ತು. ಸ್ಕ್ಯಾನ್ ಮಾಡಿದ ಸಹಿಯನ್ನು ನಂಬಿ ಕೂರುವ ಹಾಗಿರಲಿಲ್ಲ. ಹುಡುಗ ಹೇಗೂ ಮತ ಹಾಕಲು ಬರುವವನಿದ್ದ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದು, 7ರಂದು ಮತ ಹಾಕಿ, ಬೆರಳಿನ ಶಾಯಿ ಆರುವ ಮೊದಲೇ ನನ್ನ ಆಫೀಸಿನಲ್ಲಿ ಸಹಿ ಮಾಡಿದ. ಅರ್ಜಿ ಅವನದೇ ಹೆಸರಿನಲ್ಲಿ ಹೋಯಿತು. ನಾನು ಅಲ್ಲಿ ವಕೀಲನಲ್ಲ. ಮುಂದೆ ಸರ್ಕಾರಕ್ಕೆ ನೋಟಿಸ್ ಹೋದರೆ ಆ 46 ದೇಶಗಳಲ್ಲಿ ಒಂದರ ವಕೀಲರೇ ಬೇಕು. ನಾನು ಕಾಗದ ಜೋಡಿಸಿದವನು ಅಷ್ಟೆ.

ಫಾರಂ ತುಂಬಿದ್ದು ಇಂಗ್ಲಿಷಿನಲ್ಲಿ. ಅಲ್ಲಿನ ಯಾವುದೇ ಸದಸ್ಯ ದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದು, ಕನ್ನಡಕ್ಕೆ ಆ ಭಾಗ್ಯ ಇಲ್ಲ. ಹೆಚ್ಚುವರಿ ವಿವರಣೆಗೆ ಇಪ್ಪತ್ತು ಪುಟದವರೆಗೆ ಅವಕಾಶ ಇದೆ. ನಾವು ನಾಲ್ಕೇ ಪುಟ ಬಳಸಿದೆವು. ಅಸಲು ದಾಖಲೆ ಯಾವುದನ್ನೂ ಕಳಿಸಲಿಲ್ಲ, ಕೋರ್ಟು ವಾಪಸ್ ಕೊಡುವುದಿಲ್ಲ. ಎಲ್ಲ ಜೆರಾಕ್ಸ್, ತಾರೀಖಿನ ಪ್ರಕಾರ ಜೋಡಿಸಿ, ಪುಟ ಸಂಖ್ಯೆ ಹಾಕಿದ್ದು.

ಮೇ 9, ಗುರುವಾರ ಮಧ್ಯಾಹ್ನ ಸ್ಪೀಡ್ ಪೋಸ್ಟ್. ಕೌಂಟರಿನವರು ಲಕೋಟೆ ತೂಕ ಮಾಡಿ, ರಸೀದಿ ಕೊಟ್ಟು, ಮುದ್ರೆ ಹಾಕಿದರು. ಶಾಯಿ ತಿಳಿಯಾಗಿತ್ತು, ತಾರೀಖು ಅರ್ಧ ಮೂಡಿತ್ತು. ಸಾಹುಕಾರರು ಬಗ್ಗಿ ನೋಡಿದರು.

"ಇನ್ನೊಂದು ಸಲ ಒತ್ತಿ ಹಾಕ್ರೀ ಸಾಹೇಬ್ರ. ನಮ್ಮ ಕೇಸ್ ಎಲ್ಲಾ ಅದರ ಮ್ಯಾಲೇ ಅದ."

ಅವರು ನಕ್ಕು, ಪ್ಯಾಡಿಗೆ ಒತ್ತಿ, ಇನ್ನೊಂದು ಮುದ್ರೆ ಹಾಕಿದರು.

ಕೆಲವು ವಾರಗಳ ಮೇಲೆ ಸ್ಟ್ರಾಸ್‌ಬರ್ಗ್‌ನಿಂದ ಒಂದು ಪತ್ರ ಬಂತು. ಅರ್ಜಿಗೆ ಒಂದು ನಂಬರ್ ಬಿದ್ದಿತ್ತು. ಫಾರಂ ಪೂರ್ತಿ ಇದೆ ಎಂದು ತಗೊಂಡಿದ್ದಾರೆ ಎಂಬಷ್ಟೇ ಅದರ ಅರ್ಥ. ಒಬ್ಬ ನ್ಯಾಯಾಧೀಶರ ಕೈಯಲ್ಲಿ ಮುಂದೆ ಬೀಳಲೂಬಹುದು. ಸಾಹುಕಾರರು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು: "ಮುಂದಿನ ತಾರೀಖು ಎಂದು ಅದ ರೀ?"

ತಾರೀಖು ಇಲ್ಲ ಎಂದೆ. ಯಾರೂ ಕೂಗುವುದಿಲ್ಲ, ಯಾರೂ ಮುಂದೂಡುವುದಿಲ್ಲ, ಅವರಾಗಿ ಬರೆದಾಗ ಗೊತ್ತಾಗುತ್ತದೆ ಎಂದೆ. ಮೂವತ್ತು ವರ್ಷ ನಮ್ಮ ಕೋರ್ಟುಗಳನ್ನು ನೋಡಿದ ಮನುಷ್ಯ. ತಾರೀಖೇ ಇಲ್ಲದ ಕೋರ್ಟು ಅದೆಂಥದ್ದು ಎಂದು ಅವರಿಗೆ ಇನ್ನೂ ನಂಬಿಕೆ ಬಂದಿಲ್ಲ.